ಸೊಲ್ಲಿಗೆ ಬಿಟ್ಟ ಜಾಗ

ಆ ಬೆಳಿಗ್ಗೆಯೂ ಹಾಲು ಉಕ್ಕುವ ಮೊದಲೇ ರೇಡಿಯೋ ಹಚ್ಚಿದ್ದೆ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕ ಅದರ ಜಾಗ. ಪ್ರತಿ ಬುಧವಾರ ಹತ್ತು ಗಂಟೆಗೆ ದಾವಣಗೆರೆಯ ಸ್ಟುಡಿಯೋದಿಂದ ನೇರವಾಗಿ ಹಾಡು ಮತ್ತು ಮಾತಿನ ಕಾರ್ಯಕ್ರಮ ಬರುತ್ತದೆ. ಒಂದು ವಾರ ಸಿತಾರ್, ಇನ್ನೊಂದು ವಾರ ತತ್ವಪದ, ಮತ್ತೊಮ್ಮೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ನನಗೆ ಇಷ್ಟವಾಗುತ್ತಿದ್ದುದು ಹಾಡಿಗೆ ಮೊದಲಿನ ಸಣ್ಣ ಸದ್ದುಗಳು. ಯಾರೋ ಗಂಟಲು ಸರಿಮಾಡಿಕೊಳ್ಳುವುದು, ಕುರ್ಚಿ ಎಳೆಯುವುದು, ನೀರಿನ ಲೋಟ ಕೆಳಗಿಡುವುದು. ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುತ್ತಿದ್ದರೆ ಆ ಕೋಣೆ ಚನ್ನಗಿರಿಯ ನಮ್ಮ ಮನೆಯ ಗೋಡೆಯಾಚೆಗೇ ಇದೆ ಅನ್ನಿಸುತ್ತಿತ್ತು.

ಆ ಬುಧವಾರ ಮಾತ್ರ ಹಾಲು ಇಳಿಸಿ, ಡಬ್ಬಿ ಕಟ್ಟಿ, ರೇಡಿಯೋ ಆರಿಸಿದೆ. ನಾವೇ ಆ ಕೋಣೆಗೆ ಹೋಗಬೇಕಿತ್ತು. ಸೋಬಾನೆ ಪದ ಹಾಡಲು ನಮ್ಮತ್ತೆಯನ್ನು ಕರೆದಿದ್ದರು.

ಹೆಪ್ಪಿಗೆ ಒಂದು ಬಟ್ಟಲು ಮೊಸರು ಒಯ್ಯಲು ಬಂದ ಪಕ್ಕದ ಮನೆಯಾಕೆ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು.

“ಏನ್ ದೊಡ್ಡಮ್ಮ, ಬೀಗರ ಮನೆಗೆ ಹೊಂಟಂಗೈತೆ ಸಿಂಗಾರ.”

“ರೇಡಿಯೋದಾಗೆ ಸೀರೆ ಕಾಣಂಗಿಲ್ಲ ಅಂತ ನನಗೂ ಗೊತ್ತೈತೆ. ನೀನು ಪದ ಕೇಳ್ಕಂತ ರೊಟ್ಟಿ ಕಡೆ ಗ್ಯಾನ ಇಡು.”

ಸೋಬಾನೆ ಒಬ್ಬರೇ ಹಾಡುವ ಪದವಲ್ಲ. ಒಬ್ಬರು ಸಾಲು ಹೇಳಬೇಕು, ಇನ್ನೊಬ್ಬರು ಅದನ್ನು ಹಿಡಿದು ಮರಳಿ ಹಾಡಬೇಕು. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಅತ್ತೆಗೆ ಯಾವಾಗಲೂ ಸೊಲ್ಲು ಹಿಡಿಯುತ್ತಿದ್ದವರು ಬಿಳಿಚೋಡಿಗೆ ಕೊಟ್ಟ ಅವರ ಅಕ್ಕ, ನಮ್ಮ ದೊಡ್ಡತ್ತೆ. ಹಿಂದಿನ ವರ್ಷ ಲಕ್ವ ಹೊಡೆದ ಮೇಲೆ ಅವರು ಮಂಚ ಬಿಟ್ಟು ಎದ್ದಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ.

ಬಸ್ಸು ಸಂತೇಬೆನ್ನೂರು ದಾಟುವಾಗ ಮೆಲ್ಲಗೆ ಕೇಳಿದೆ. “ಅತ್ತೆ, ಸೊಲ್ಲು ನಾನು ಹಿಡೀಲಾ?”

“ಬ್ಯಾಡವ್ವ. ಹಿಡಿಯಾಕೆ ಅಕ್ಕ ಅದಾಳೆ. ಅವಳ ಸೊಸೆ ಮಂಚದ ಹತ್ರ ರೇಡಿಯೋ ಇಡ್ತೀನಿ ಅಂದಾಳೆ.”

“ಅವರಿಗೆ ಮಾತು…”

“ಮಾತು ಹೋಗೈತೆ. ಪದಾನೂ ಹೋಗೈತೆ ಅಂತ ನಿನಗೆ ಯಾರು ಹೇಳಿದ್ರು?”

ಆಮೇಲೆ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಜೋಳದ ಹೊಲಗಳು ಓಡುತ್ತಿದ್ದವು.

ಸ್ಟುಡಿಯೋದ ಗೋಡೆಗೆಲ್ಲ ಮೆತ್ತನೆಯ ಹಾಸು ಹೊದಿಸಿದ್ದರು. ಆಡಿದ ಮಾತು ಬಾಯಿಂದ ಹೊರಟು ಅಲ್ಲೇ ಮಲಗಿಬಿಡುತ್ತಿತ್ತು. ಅರ್ಧ ಕಾರ್ಯಕ್ರಮ ಗಿಟಾರ್ ನುಡಿಸುವ ಒಬ್ಬ ತರುಣನದು, ಉಳಿದರ್ಧ ಅತ್ತೆಯದು. ಬಳೆ ಸದ್ದು ಮಾಡುತ್ತವೆ ಎಂದು ಅಲ್ಲಿನವರು ಅಂದಾಗ ಅತ್ತೆ ಬಿಚ್ಚಲಿಲ್ಲ, ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡರು. ತರುಣನ ಸರದಿ ಮುಗಿದ ಮೇಲೆ, ಗಿಟಾರ್ ಹೇಗಿತ್ತು ಎಂದು ನಿರೂಪಕಿ ಅತ್ತೆಯನ್ನು ಕೇಳಿದರು.

“ಚೆಂದೈತೆ. ತೊಡಿಮ್ಯಾಲೆ ಕೂಸು ಮಲಗಿಸ್ಕೊಂಡಂಗೆ ಹಿಡಿತಾನೆ.”

“ನೀವು ಯಾರ ಹತ್ತಿರ ಕಲಿತಿರಿ?”

“ಮೊದ್ಲು ಅಕ್ಕ ಹೇಳ್ತಿದ್ಲು, ನಾನು ಹಿಡೀತಿದ್ದೆ. ಆಮ್ಯಾಲೆ ನಾನು ಹೇಳ್ದೆ, ಅವಳು ಹಿಡಿದ್ಲು. ಅಷ್ಟೇ.”

ಕಣ್ಣು ಮುಚ್ಚಿ, ಅರಿಶಿನ ಕುಟ್ಟುವಾಗಿನ ಪದ ಎತ್ತಿಕೊಂಡರು. ಮೊದಲ ಸಾಲು ಮುಗಿಸಿ ನಿಂತರು.

ನೇರ ಪ್ರಸಾರದಲ್ಲಿ ಸದ್ದೇ ಇಲ್ಲ. ಗಾಜಿನಾಚೆ ಯಂತ್ರದ ಮುಂದಿದ್ದವರು ಎರಡೂ ಕೈ ಆಡಿಸಿದರು. ನಿರೂಪಕಿ ಗಿಟಾರಿನವನ ಮುಖ ನೋಡಿದರು, ಅವನು ತಂತಿಯ ಮೇಲೆ ಬೆರಳಿಟ್ಟ. ಕಣ್ಣು ತೆರೆಯದೆಯೇ ಅತ್ತೆ ಸೆರಗಿನೊಳಗಿಂದ ಒಂದು ಬೆರಳು ಎತ್ತಿದರು. ತಂತಿ ಸುಮ್ಮನಾಯಿತು. ಅತ್ತೆ ಎರಡನೆಯ ಸಾಲು ಹೇಳಿದರು, ಮತ್ತೆ ನಿಂತರು.

ನಾನು ಓದಿದ ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್, ಹಾಡಿನ ನಡುವಿನ ಬಿಡುವನ್ನೂ ಎಣಿಸಬೇಕು ಅನ್ನುತ್ತಿದ್ದರು. ಮನಸ್ಸಿನಲ್ಲೇ ಎಣಿಸಿದೆ. ಅತ್ತೆ ಬಿಟ್ಟ ಜಾಗ ಪ್ರತಿ ಸಲವೂ ಅಷ್ಟೇ ಉದ್ದ, ಒಂದು ಸಾಲು ಹಿಡಿಯುವಷ್ಟು. ಆ ಮೌನದೊಳಗೆ ನನಗೆ ಬಿಳಿಚೋಡು ಕಾಣುತ್ತಿತ್ತು. ಬಾಗಿಲಾಚೆ ಬಿಸಿಲಲ್ಲಿ ಕುರಿಮಂದೆ ಹಾದುಹೋಗುತ್ತಿದೆ, ಮಂಚದ ಪಕ್ಕ ರೇಡಿಯೋ, ದಿಂಬಿನ ಮೇಲೆ ಒಂದು ಬಿಳಿ ತಲೆ. ಮುಂದಿನ ಸಾಲಿಗೆ ಎಲ್ಲ ಕರಗುತ್ತಿತ್ತು, ಸಾಲು ನಿಂತರೆ ಮತ್ತೆ ಮೂಡುತ್ತಿತ್ತು. ಪದ ಮುಗಿಯುವ ಹೊತ್ತಿಗೆ ಗಾಜಿನಾಚೆಯವರೂ ಕೈ ಕಟ್ಟಿ ನಿಂತಿದ್ದರು.

ಮನೆಗೆ ಬಂದು, ಸಂಜೆ ಬಿಳಿಚೋಡಿಗೆ ಫೋನ್ ಹಚ್ಚಿದೆ. ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ನಮ್ಮತ್ತೆ ಕೇಳಿದ್ರಕ್ಕ,” ಎಂದಳು ದೊಡ್ಡತ್ತೆಯ ಸೊಸೆ. “ಕಣ್ಣು ಬಿಟ್ಕಂಡು ಪೂರಾ ಕೇಳಿದ್ರು. ನಾನು ಅವರ ಮುಖಾನೇ ನೋಡ್ಕಂತ ಕುಂತಿದ್ದೆ. ಬಾಯಿ ಮಾತ್ರ ಅಲ್ಲಾಡ್ಲಿಲ್ಲ.”

ಅತ್ತೆ “ಹ್ಞೂ” ಅಂದರು. ಮೊರದಲ್ಲಿ ಆರಿಸಿ ಮುಗಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದರು. ದೀಪ ಹಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಮೊಸರಿನ ಬಟ್ಟಲು ಹಿಂದಿರುಗಿಸಲು ಬಂದರು. ಖಾಲಿ ಕೊಡಬಾರದೆಂದು ತಳದಲ್ಲಿ ಒಂದಿಷ್ಟು ಸಕ್ಕರೆ ಹಾಕಿ ತಂದಿದ್ದರು. ಬಟ್ಟಲನ್ನು ನನ್ನ ಕೈಗಿತ್ತು, ಹೊಸಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಅಂದರು.

“ಪದ ಚೆಂದಿತ್ತು ದೊಡ್ಡಮ್ಮ. ನೀವು ಜಾಗ ಬಿಟ್ರೂ ಅಲ್ಲಿ ಯಾರೂ ಸೊಲ್ಲು ಹಿಡೀಲಿಲ್ಲ. ಹಂಗೇ ಖಾಲಿ ಹೋಗಬಾರದು ಅಂತ ಒಲೆ ಮುಂದೆ ನಾನೇ ಹಿಡ್ಕಂತ ಹೋದೆ. ಎರಡು ರೊಟ್ಟಿ ಸೀದೋದ್ವು ನೋಡ್ರಿ.”