ದೀಪದ ಹೊತ್ತಿನ ಹೆಪ್ಪು

೧. ಇಂಜಿನಿಯರಿಂಗ್ ಬಿಟ್ಟು ಭಾಷಾಶಾಸ್ತ್ರ ಓದಲು ಮಗಳು ನನ್ನ ಒಪ್ಪಿಗೆ ಕೇಳಿದ್ದಾಳೆ.
೨. ನಾನು ಇಂಜಿನಿಯರ್. ಮೂರು ವಾರಗಳಿಂದ ಉತ್ತರ ಕೊಟ್ಟಿಲ್ಲ.
೩. ಇಂದು ಸಂಜೆ ಅಂಧೇರಿಯ ನಮ್ಮ ಮನೆಯ ಮೇಜಿನ ಮೇಲೆ ಅವಳ ನೋಟ್‌ಬುಕ್ ತೆರೆದಿತ್ತು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಯೂರೋಕ್ ಭಾಷೆಯಲ್ಲಿ ನಿರಾಕರಿಸುವುದು ಹೇಗೆ, ವಿನಯದಿಂದ ಕೇಳುವುದು ಹೇಗೆ ಎಂಬ ಪಾಠ.

ಅದನ್ನು ಓದುತ್ತಿದ್ದಂತೆ, ಅಡುಗೆಮನೆಯಿಂದ ಬಂದ ಕಾದ ಹಾಲಿನ ವಾಸನೆಯಲ್ಲಿ ಗೋರೆಗಾಂವ್‌ನ ನಾನು ಬೆಳೆದ ಹಳೆಯ ಚಾಳು, ಒಂದೊಂದೇ ಕೋಣೆಯ ಮನೆಗಳ ಆ ಸಾಲು, ತೇಲಿ ಬಂತು. ದೀಪ ಹಚ್ಚಿದ ಮೇಲೆ ಮೊಸರನ್ನು ಮನೆಯಿಂದ ಹೊರಗೆ ಕೊಡಬಾರದೆಂಬುದು ಅಮ್ಮನ ನಿಯಮ. ದೀಪದ ಮುಂದೆ ‘ಇಲ್ಲ’ ಎನ್ನಲೂ ಬಾರದು. ಪಕ್ಕದ ಖೋಲಿಯ ಶಾರದಕ್ಕ ಸರಿಯಾಗಿ ಅದೇ ಹೊತ್ತಿಗೆ, ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಅಮ್ಮನ ಬಳಿ ಬರುತ್ತಿದ್ದರು.

“ಸುಮತಿಯಕ್ಕ, ಹೆಪ್ಪಿಗೆ ಒಂದು ಚಮಚ ಮೊಸರು ಸಿಗ್ಬಹುದಾ?”

“ನಿಮ್ಮ ಹಾಲನ್ನೇ ಇಲ್ಲಿಗೆ ತನ್ನಿ. ನಾನೇ ಹೆಪ್ಪು ಹಾಕಿ ಇಡ್ತೇನೆ, ಬೆಳಿಗ್ಗೆ ಕೊಂಡೋಗಿ.”

“ಎಂತ ಮಾರಾಯ್ತಿ, ಮೊಸರು ಕೇಳಿದ್ರೆ ಹಾಲು ಕೇಳ್ತೀರಲ್ಲ!”

ಇಬ್ಬರೂ ನಗುತ್ತಿದ್ದರು. ನಾನು ಮಲಗುವಲ್ಲಿಂದ ಎರಡು ಪಾತ್ರೆಗಳು ಕಾಣುತ್ತಿದ್ದವು: ನಮ್ಮದು ಹಿತ್ತಾಳೆಯ ತಟ್ಟೆ ಮುಚ್ಚಿದ್ದು, ಅವರದು ಅಂಚು ನಗ್ಗಿದ್ದು. ಎರಡರಲ್ಲೂ ಹಾಲು ಸದ್ದಿಲ್ಲದೆ ಮೊಸರಾಗುತ್ತಿದೆ ಎಂದುಕೊಳ್ಳುತ್ತಲೇ ನಿದ್ದೆ ಬರುತ್ತಿತ್ತು. ಕೇಳಲು ಬಂದವರನ್ನು ಅಮ್ಮ ಬಾಗಿಲಲ್ಲಿ ಕಾಯಿಸಿದ್ದನ್ನು ನಾನು ನೋಡಿಲ್ಲ.

ಮಗಳು ಇನ್ನೂ ಲೋಕಲ್ ರೈಲಿನಲ್ಲಿದ್ದಾಳೆ. ಅವಳು ಭಾಷಾಶಾಸ್ತ್ರವನ್ನೇ ಓದಲಿ ಎಂದು ತೀರ್ಮಾನಿಸಿದ್ದೇನೆ. ಬಂದ ಕೂಡಲೇ ಹೇಳುತ್ತೇನೆ.