ಗೋಡೆಗೆ ನೀರು ಕುಡಿಸುತ್ತಿದ್ದ ಚಾಚಾ

ಸತ್ತವರ ಮಣ್ಣಿಗೆ ಬೇಕಾದರೆ ತಡವಾಗಿ ಹೋಗುತ್ತಿದ್ದರೇನೋ, ಊರಲ್ಲಿ ಎಲ್ಲಿಯಾದರೂ ಸುಣ್ಣದ ಬಕೀಟು ಕಂಡಿತೆಂದರೆ ಮಾತ್ರ ಮಕ್ತುಮಸಾಬ್ ಚಾಚಾ ಓಡುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲು ನೋವು ಬೇರೆ. ಕೊರಳಲ್ಲಿ ಕ್ಯಾಮೆರಾ, ಹೆಗಲಿಗೆ ಗಿಡಕ್ಕೆ ಔಷಧಿ ಹೊಡೆಯುವಂಥ ಸಣ್ಣ ಪಂಪು. "ಏ ತಡೀಪಾ, ಐದ ಮಿನಿಟು ತಡಿ! ಆಮ್ಯಾಲೆ ಬೇಕಾದ್ರ ನನಗೂ ಸುಣ್ಣಾ ಹೊಡಿ!" ಎಂದು ಕೂಗುತ್ತ ಬರುವ ಅವರನ್ನು ಕಂಡು ಸುಣ್ಣದವರು ಬ್ರಷ್ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದರು.

ಚಾಚಾ ಮೊದಲು ಬೋರ್ಡು ಬರೆಯುವ ಪೇಂಟರ್. ಗದಗ-ಬೆಟಗೇರಿಯ ಅರ್ಧ ಅಂಗಡಿಗಳ ಹೆಸರು ಅವರ ಕೈಬರಹವೇ. ಫ್ಲೆಕ್ಸ್ ಬಂದ ಮೇಲೆ ಕುಂಚಗಳು ಒಣಗಿದವು. ಬೇರೆ ಯಾರಾದರೂ ಆಗಿದ್ದರೆ ಮನೆಯಲ್ಲಿ ಕೂತು ಕಾಲವನ್ನು ಬಯ್ಯುತ್ತಿದ್ದರು. ಇವರು ಹಳೆಯದೊಂದು ಕ್ಯಾಮೆರಾ ಕೊಂಡು ಊರಿನ ಗೋಡೆಗಳ ಫೋಟೋ ತೆಗೆಯಲು ಹೊರಟರು. ಸಾಬೂನಿನ ಜಾಹೀರಾತು, ಚುನಾವಣೆಯ ಘೋಷಣೆ, ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಈಚೆಗೆ ಹುಡುಗರು ಸ್ಪ್ರೇ ಡಬ್ಬಿಯಿಂದ ಬರೆಯುವ, ಯಾರಿಗೂ ಓದಲು ಬಾರದ ದಪ್ಪ ಅಕ್ಷರ, ಎಲ್ಲವೂ ಬೇಕು ಅವರಿಗೆ. "ಗ್ವಾಡಿಗೆ ಕಿವಿ ಅದಾವು ಅಂತಾರ, ಸುಳ್ಳ. ಗ್ವಾಡಿಗೆ ಬಾಯಿ ಐತಿ ಬೇಟಿ, ಕಿವಿ ನಮಗ ಬೇಕು," ಎನ್ನುತ್ತಿದ್ದರು.

ಬೆಟಗೇರಿಯ ನನ್ನ ಝೆರಾಕ್ಸ್ ಅಂಗಡಿಗೆ ವಾರಕ್ಕೆರಡು ಸಲ ಬರುತ್ತಿದ್ದರು. ಕಾರ್ಡಿನಿಂದ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದರ ಕೆಳಗೂ ಯಾವ ಓಣಿ, ಯಾರು ಬರೆದದ್ದು, ಯಾವತ್ತು ತೆಗೆದದ್ದು ಎಂದು ನಾನು ಟೈಪು ಮಾಡಬೇಕು. ಗಿರಾಕಿಗಳು ಆಧಾರ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದರೂ ಇವರಿಗೆ ಲೆಕ್ಕವಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಚಾಚಾ, ನಿಮ್ಮ ಗ್ವಾಡಿ ಎಲ್ಲಿ ಓಡಿ ಹೊಕ್ಕಾವ್ರಿ?" ಎಂದರೆ, "ಓಡಿ ಹೊಕ್ಕಾವವ್ವಾ, ನಿನಗ ಕಾಣಂಗಿಲ್ಲಷ್ಟ," ಎಂದು ಸ್ಟೂಲು ಎಳೆದುಕೊಂಡು ಕೂತೇಬಿಡುತ್ತಿದ್ದರು.

ಒಮ್ಮೆ ಲಕ್ಷ್ಮೇಶ್ವರದ ಓಣಿಯೊಂದರಲ್ಲಿ ಯಾರೋ ಪೋರ ಒಂದು ಹುಡುಗಿಯ ಹೆಸರನ್ನು ಆಳೆತ್ತರ ಬರೆದು ಸುತ್ತ ಹೂಬಳ್ಳಿ ಬಿಡಿಸಿದ್ದ. ಚಾಚಾ ಅದರ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದಾಗ ಹುಡುಗಿಯ ತಾಯಿ ಕಸಬರಿಗೆ ಹಿಡಿದು ಬಂದಳಂತೆ. "ನನ್ನ ಗಡ್ಡಾ ನೋಡಿ ಆದ್ರೂ ಬಿಡ್ರೆವಾ!" ಎಂದು ಕೈಮುಗಿದದ್ದಕ್ಕೆ ಆಕೆ ನಕ್ಕು ಚಹಾ ಕೊಟ್ಟು ಕಳಿಸಿದಳಂತೆ. ಆ ಫೋಟೋದ ಕೆಳಗೆ ಚಾಚಾ ನನ್ನಿಂದ ಬರೆಸಿದ್ದು: "ಬರೆದವರು ಗೊತ್ತಿಲ್ಲ. ಬೈದವರು, ತಾಯಿ."

ಇಷ್ಟು ನಗಿಸುವ ಮನುಷ್ಯ ಗೋಡೆಯ ಮುಂದೆ ನಿಂತರೆ ಬೇರೆಯೇ ಆಗುತ್ತಿದ್ದರು. ಯಾರೂ ಉಸಿರೆತ್ತಬಾರದು. ಮೊದಲು ಪಂಪಿನಿಂದ ಗೋಡೆಗೆ ಸಣ್ಣಗೆ ನೀರು ಹೊಡೆಯಬೇಕು. ಒಣಗಿ ಮಂಕಾದ ಹಳೆಯ ಆಯಿಲ್ ಪೇಂಟು ನೀರು ತಾಗಿದರೆ ನಿನ್ನೆ ಬರೆದಂತೆ ಎದ್ದು ಬರುತ್ತದೆ. ಇದಕ್ಕೆ ಅವರು "ನೀರು ಕುಡಿಸೂದು" ಎನ್ನುತ್ತಿದ್ದರು. ಗೋಡೆ ಒಂದೇ ಸಮ ಕುಡಿಯುವ ತನಕ ಕಾದು ಆಮೇಲೆ ಫೋಟೋ. ನಡುವೆ ಮಾತಾಡಿದರೆ ಮುಗಿಯಿತು. ಶಿರಹಟ್ಟಿಯಲ್ಲಿ ಪಾಪ, ಹೆಡ್ ಮಾಸ್ತರರೊಬ್ಬರು ಏನೋ ವಿವರಿಸಲು ಹೋಗಿ "ಬಾಯಿ ಬಂದ್!" ಎಂದು ಬೈಸಿಕೊಂಡು ತಮ್ಮದೇ ಶಾಲೆಯ ಮುಂದೆ ಹುಡುಗರಂತೆ ನಿಂತಿದ್ದರು.

ಈಗ ನನ್ನ ಗೋಡೆಯ ಮಾತು. ನನ್ನ ಅಣ್ಣ ವೀರೇಶನಿಗೆ ಗೋಡೆ ಕಂಡರೆ ಕೈ ತುರಿಸುತ್ತಿತ್ತು. ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ತಗಡಿನ ಮಾಡಿನ ಶೆಡ್ಡಿನೊಳಗೆ, ಮಳೆ ತಾಗದ ಗೋಡೆಯ ಮೇಲೆ ಅವನು ನಮ್ಮ ಅವ್ವನನ್ನು ಬರೆದಿದ್ದ. ಮಗ್ಗದವರ ಮನೆಯ ಹೆಂಗಸು, ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿರುವುದು, ಎರಡಾಳೆತ್ತರ. ಬರೆದ ಮರುವರ್ಷವೇ ಅಣ್ಣ ಬೈಕಿನಿಂದ ಬಿದ್ದು ಹೋದ. ಚಿತ್ರದ ಫೋಟೋ ಇದ್ದದ್ದು ಅವನ ಫೋನಿನಲ್ಲಿ, ಅದೂ ಅವನ ಜೊತೆಗೇ ಪುಡಿಯಾಯಿತು. ಉಳಿದದ್ದು ಆ ಗೋಡೆ ಒಂದೇ. ಅದಕ್ಕೂ ಹೋದ ವರ್ಷ ರಸ್ತೆ ಅಗಲ ಮಾಡುವವರು ಬಂದು ಕೆಂಪು ಗುರುತು ಹಾಕಿದರು. ಎಂಟು ದಿನದಲ್ಲಿ ಕೆಡವುತ್ತಾರೆ ಎಂದು ಸುದ್ದಿಯಾಯಿತು.

ನನ್ನ ಮೊಬೈಲಿನಲ್ಲಿ ತೆಗೆದರೆ ಧೂಳಿನ ಮಸುಕಿನಲ್ಲಿ ಅವ್ವನ ಮುಖವೇ ಕಾಣಲೊಲ್ಲದು. ಚಾಚಾ ಮುಂಡರಗಿಗೆ ಹೋಗಿದ್ದರು, ಫೋನು ಬಂದ್. ಒಂದು ದಿನ ಹೋಯಿತು, ಎರಡು ಹೋಯಿತು. ರಸ್ತೆಯಲ್ಲಿ ಜೆಸಿಬಿ ಸದ್ದಾದರೆ ಸಾಕು, ಗಿರಾಕಿಯನ್ನು ಬಿಟ್ಟು ಓಡಿಹೋಗಿ ನೋಡಿ ಬರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಐದನೆಯ ದಿನ ಅವರು ಬಂದರು. ವಿಷಯ ಕೇಳಿದವರೇ, "ಏಳ, ಬಾಗಲಾ ಹಾಕು, ಈಗಿಂದೀಗ ಹೋಗೂಣು," ಎಂದರು.

ಶೆಡ್ಡಿನಲ್ಲಿ ಚಾಚಾ ಪಂಪು ಒತ್ತಿ ನಳಿಕೆ ಮೇಲೆತ್ತಿದರು. ಆಗ ನನಗೆ ನೆನಪಾಯಿತು. ಅಣ್ಣನ ಹತ್ತಿರ ಆಯಿಲ್ ಪೇಂಟಿಗೆ ರೊಕ್ಕ ಎಲ್ಲಿಂದ ಬರಬೇಕು? ಬಟ್ಟೆಗೆ ಹಾಕುವ ನೀಲಿ ಪುಡಿ, ಕೆಮ್ಮಣ್ಣು, ಮಸಿ, ಅಂಟು ಕಲಸಿ ಬರೆದಿದ್ದ. ನೀಲಿ ಪುಡಿ ಅಂಗಡಿಯಿಂದ ತಂದುಕೊಟ್ಟವಳು ನಾನೇ.

"ಚಾಚಾ..." ಎಂದೆ.

"ಬಾಯಿ ಬಂದ್!"

ನಾನು ಸುಮ್ಮನಾದೆ. ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವವಳು ಅಲ್ಲಿ ಸುಮ್ಮನಾದೆ. ಇಷ್ಟು ವರ್ಷ ಗೋಡೆಯಲ್ಲೇ ಬದುಕಿದವರು, ಅವರಿಗೆ ತಿಳಿಯದ್ದು ನನಗೇನು ತಿಳಿದೀತು ಅಂದುಕೊಂಡೆ. ನೀರು ಬಿತ್ತು. ಧೂಳು ಇಳಿಯಿತು, ಅವ್ವನ ಮುಖ ಎದ್ದು ಬಂತು, ನನಗೆ ಅಳು ಬಂತು. ಚಾಚಾ ಗೋಡೆ ಕುಡಿಯಲಿ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ಕೂದಲಿನ ಮಸಿ ಹಣೆಗಿಳಿಯಿತು, ಕಣ್ಣಿಗಿಳಿಯಿತು, ಸೀರೆಯ ನೀಲಿ ಅಂಚಿನವರೆಗೆ ಹರಿದು ನೆಲಕ್ಕೆ ಬಂತು. "ಯಾ ಅಲ್ಲಾ!" ಎಂದು ಚಾಚಾ ಕ್ಯಾಮೆರಾ ಎತ್ತಿ ಒಂದೇ ಸಮ ಒತ್ತಿದರು. ಏಳು ಫೋಟೋ ಬಂದವು. ಒಂದರಲ್ಲೂ ಅವ್ವನ ಮುಖ ಪೂರ್ತಿಯಿಲ್ಲ.

ಆಮೇಲೆ ಅವರು ನೆಲದ ಮೇಲೇ ಕೂತುಬಿಟ್ಟರು. "ಬಣ್ಣಾ ಯಾವುದಂತ ಕೇಳಬೇಕಿತ್ತಲ್ಲ ನಾ. ಐವತ್ತ ವರ್ಷ ಪೇಂಟರ್ ಅಂತ, ಥೂ ನನ್ನ!" ಎಂದು ತಮ್ಮ ತಲೆಗೆ ತಾವೇ ಹೊಡೆದುಕೊಂಡರು. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅದಾದ ನಾಲ್ಕನೆಯ ದಿನ ಗೋಡೆಯನ್ನು ಕೆಡವಿದರು.

ಚಾಚಾ ಅಂಗಡಿಗೆ ಬರುವುದನ್ನು ಬಿಟ್ಟರು. ಕ್ಯಾಮೆರಾ ಮುಟ್ಟುತ್ತಿಲ್ಲ ಎಂದು ಸುದ್ದಿ ಬಂತು. ನಾನು ದಿನಾ ಹೋಗಬೇಕು ಅಂದುಕೊಳ್ಳುವುದು, ಹೋಗಿ ಏನು ಹೇಳಲಿ ಎಂದು ಹೆದರುವುದು. ಎರಡು ತಿಂಗಳು ಹೀಗೇ ಕಳೆಯಿತು. ಕೊನೆಗೆ ಅವರ ಹೆಂಡತಿ, ನಾವು ಚಾಚಿ ಅನ್ನುವವರು, "ಅವರಿಗೆ ಆರಾಮಿಲ್ಲವಾ, ನಿನ್ನ ಭಾಳ ಕೇಳಾಕತ್ತಾರ," ಎಂದು ಹೇಳಿ ಕಳಿಸಿದರು.

ಹೋದೆ. ಮನುಷ್ಯ ಹಾಸಿಗೆಗೆ ಅಂಟಿದಂತಿದ್ದರು. ಚಾಚಿ ಹೊರಗೆ ಹೋಗಲಿ ಎಂದು ಕಾದು, ನನ್ನ ಕೈ ಹಿಡಿದು ಕೇಳಿದರು: "ಬೇಟಿ, ಒಂದ ಮಾತು. ಆವತ್ತ ನೀರ ಹೊಡಿಯೂ ಮುಂದ ನೀ ನನ್ನ ಕರದಿ. ಯಾಕ ಕರದಿದ್ದಿ? ನಿನಗ ಗೊತ್ತಿತ್ತೇನು? ನನ್ನ ಹೊಲಸ ಬಾಯಿಗೆ ಅಂಜಿ ಸುಮ್ಮನಾದ್ಯೇನು? ಅದೊಂದ ನನಗ ನಿದ್ದಿ ಹತ್ತಗೊಡವಲ್ತು."

ನಾನು ಇನ್ನೊಂದು ಕೈಯಿಂದ ಅವರ ಹೊದಿಕೆ ಎಳೆದು ಸರಿಮಾಡಿದೆ.

"ಇಲ್ರೀ ಚಾಚಾ. ನನಗೇನ ಗೊತ್ತ್ರಿ. ಚಾ ತರಿಸ್ಲೇನು ಅಂತ ಕೇಳಾಕ ಕರದಿದ್ನಿರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ಹುಚ್ಚಿ! ಚಾಕ್ಕ ಯಾರರ ಬ್ಯಾಡ ಅಂತಾರನು? ಜೋರಾಗಿ ಕೇಳಬೇಕಿಲ್ಲೇನು?" ಎಂದು ಕಣ್ಣು ಮುಚ್ಚಿದರು.

ಆ ದಿನ ಸಂಜೆಯವರೆಗೆ ಚೆನ್ನಾಗಿ ನಿದ್ದೆ ಮಾಡಿದರು ಎಂದು ಚಾಚಿ ಹೇಳಿದರು. ಮೂರು ದಿನಕ್ಕೆ ಚಾಚಾ ತೀರಿಹೋದರು. ಆ ಸುಳ್ಳಿಗೆ ದೇವರು ನನಗೆ ಏನಾದರೂ ಮಾಡಲಿ. ಆದರೆ ಆವತ್ತು ಗೋಡೆಯ ಮುಂದೆ, ಅವರು ಬೈದರೆ ಬೈಯಲಿ ಎಂದು, ಇನ್ನೊಂದು ಸಲ ನಾನು ಕೂಗಬೇಕಿತ್ತು.