ಖಾಲಿ ನಳಿಕೆಯಲ್ಲಿ ಉಳಿದ ಜಿಡ್ಡು

ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಡ್ಡಿನಂಥ ವಸ್ತುಗಳಲ್ಲಿ ರೋಗಾಣುಗಳನ್ನು ಕೊಲ್ಲುವ ಗುಣವನ್ನು ಹುಡುಕುವ ವಿದ್ಯೆಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ನೆಲೆ ಕಟ್ಟಿಕೊಟ್ಟವರು, ಈಗ ನಿವೃತ್ತರಾಗುತ್ತಿರುವ ನನ್ನ ಪೂಜ್ಯ ಗುರುಗಳು. ಬೆನ್ನ ಹಿಂದೆ ಅವರನ್ನು ನಾವು ‘ಜಿಡ್ಡಮ್ಮ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತಿದ್ದರು.

ಸೇವೆಯ ಆರಂಭದಲ್ಲಿ ಅವರಿಗೆ ದಕ್ಕಿದ್ದು ಮೆಟ್ಟಿಲ ಕೆಳಗಿನ ಉಗ್ರಾಣ. ನಾನು ಸಂಶೋಧನೆಗೆ ಸೇರುವ ಹೊತ್ತಿಗೆ ಅವರದು ಎಲ್ಲರೂ ಅಸೂಯೆಪಡುವ ಪ್ರಯೋಗಾಲಯವಾಗಿತ್ತು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ, ಭಾನುವಾರಗಳಲ್ಲೂ ತಾವೇ ಬಂದು ನನ್ನ ಬ್ಯಾಕ್ಟೀರಿಯಾಗಳನ್ನು ಸಾಕಿದರು. ಆ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ.

ನನ್ನ ಪಾಲಿಗೆ ಬಂದ ಬ್ಯಾಕ್ಟೀರಿಯಾದ ಸಾರ, ಯಾವ ಔಷಧಕ್ಕೂ ಬಗ್ಗದ ರೋಗಾಣುವನ್ನು ಕೊಲ್ಲುತ್ತಿತ್ತು. ಆದರೆ ಶುದ್ಧಗೊಳಿಸುತ್ತ ಹೋದಂತೆ ಅದರ ಶಕ್ತಿಯೇ ಮಾಯವಾಗುತ್ತಿತ್ತು. ವಿಷಯವನ್ನೇ ಬದಲಿಸಬೇಕೆಂದು ವಿಭಾಗದ ಮುಖ್ಯಸ್ಥರು ಪಟ್ಟುಹಿಡಿದರು. ಬದಲಿಸಿದರೆ ವರ್ಷಗಳ ದುಡಿಮೆ ನೀರುಪಾಲಾಗುತ್ತಿತ್ತು. ನಾನು ಕೈಚೆಲ್ಲಿ ಕುಳಿತಿದ್ದಾಗ ಗುರುಗಳು ಬಂದು ಕೇಳಿದರು:

“ಎಲ್ಲಿಗೆ ಹೋಗುತ್ತಮ್ಮಾ ಅದು? ಕಾಲು ಬಂತಾ? ಯಾವುದರಲ್ಲಿ ಇಟ್ಟಿದ್ದೆ?”

“ಈ ಪ್ಲಾಸ್ಟಿಕ್ ನಳಿಕೇಲಿ ಮೇಡಂ. ಖಾಲಿ ಆಗಿದೆ, ಬಿಸಾಕೋಕೆ ಹೊರಟಿದ್ದೆ.”

“ಕೊಡು ಇಲ್ಲಿ. ಎಣ್ಣೆ ಡಬ್ಬಿ ಖಾಲಿ ಆದ್ರೂ ಕೈಗೆ ಅಂಟಲ್ವಾ?”

ಆ ನಳಿಕೆಯ ಒಳಗೋಡೆಯನ್ನು ಆಲ್ಕೋಹಾಲಿನಲ್ಲಿ ತೊಳೆದು, ಆ ತೊಳೆದ ದ್ರವವನ್ನು ಕಾಗದದ ಬಿಲ್ಲೆಗೆ ಹಾಕಿ ಒಣಗಿಸಿ ರೋಗಾಣುಗಳನ್ನು ಬೆಳೆಸುವ ತಟ್ಟೆಯ ಮೇಲಿಟ್ಟರು. ಹೋಲಿಸಿ ನೋಡಲೆಂದು ಬರೀ ಆಲ್ಕೋಹಾಲಿನ ಬಿಲ್ಲೆಯೊಂದನ್ನೂ ಪಕ್ಕದಲ್ಲಿಡಿಸಿದರು. ಮರುದಿನ ಬೆಳಿಗ್ಗೆ ತಟ್ಟೆ ತೆಗೆದು ನೋಡಿದೆ. ಆಲ್ಕೋಹಾಲಿನ ಬಿಲ್ಲೆಯ ಸುತ್ತ ರೋಗಾಣುಗಳು ದಟ್ಟವಾಗಿ ಬೆಳೆದಿದ್ದವು. ನಮ್ಮ ಬಿಲ್ಲೆಯ ಸುತ್ತ ಒಂದೂ ಇರಲಿಲ್ಲ. ಶುದ್ಧತೆಯ ಭರದಲ್ಲಿ ಹಂತಹಂತಕ್ಕೂ ಹೊಸ ಪ್ಲಾಸ್ಟಿಕ್ ನಳಿಕೆ ಬಳಸಿ, ನಮ್ಮ ಜಿಡ್ಡನ್ನು ಅವುಗಳ ಗೋಡೆಗೇ ಬಳಿದು ಎಸೆಯುತ್ತಾ ಬಂದಿದ್ದೆವು! ಕಾಲಡಿಯ ಮಣ್ಣಿನೊಳಗೆ ಇಂಥದ್ದೊಂದು ಅಡಗಿದೆಯಲ್ಲ ಎಂಬ ಬೆರಗು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಔಷಧ ಸಿಕ್ಕಿತೆಂದು ನಾನು ಕುಣಿದಾಡಿದೆ. ಅವರು ಕನ್ನಡಕ ಒರೆಸಿಕೊಂಡರು, ಕಣ್ಣು ತುಂಬಿದ್ದವು.

“ರೋಗಾಣುನ ಕೊಲ್ಲುತ್ತೆ, ಸರಿ. ನಮ್ಮ ರಕ್ತಕಣಗಳನ್ನ ಉಳಿಸುತ್ತಾ ನೋಡೋಣ. ಆಮೇಲೆ ಕುಣಿ.”

ಮೊದಮೊದಲು ಅದು ರಕ್ತಕಣಗಳನ್ನೂ ಒಡೆಯಿತು. ಅದನ್ನು ಮುಚ್ಚಿಡದೆ ಮೊದಲ ಪ್ರಬಂಧದಲ್ಲೇ ಬರೆಸಿದರು. ಅಂದಿನಿಂದ ಆ ಜಿಡ್ಡಿನ ಅಣುವಿನ ರಚನೆಯನ್ನು ತಿದ್ದುತ್ತಲೇ ಇದ್ದೇವೆ. ನನಗೆ ಪದವಿ ಸಿಕ್ಕಿತು, ನೌಕರಿ ಸಿಕ್ಕಿತು. ರೋಗಿಗೆ ಔಷಧ ಇನ್ನೂ ಸಿಕ್ಕಿಲ್ಲ.

ಮೇಡಂ, ತಮಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ವಿಶ್ರಾಂತಿ ಪಡೆಯಿರಿ ಎಂದು ಮಾತ್ರ ನಾನು ಹಾರೈಸಲಾರೆ. ತಿದ್ದಿದ ಹೊಸ ಅಣು ಸಿದ್ಧವಾಗಿದೆ. ಸೋಮವಾರ ರಕ್ತಕಣಗಳ ಮೇಲೆ ಅದರ ಪರೀಕ್ಷೆ. ದಯಮಾಡಿ ಬನ್ನಿ. ಆ ತಟ್ಟೆಯನ್ನು ಒಬ್ಬಳೇ ತೆರೆದು ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.